ಬಾಗಿಲು ತೆರೆದು ಕೊಯ್ದ ದಿನ

ಪೊಲೀಸ್ ಸ್ಟೇಷನ್ನಿನ ಕಕ್ಕಸು ಗುಂಡಿ ಕಟ್ಟಿಕೊಂಡು ನಾಲ್ಕು ದಿನವಾಗಿತ್ತು. ನೀರು ಹಿಂದಕ್ಕೆ ಹರಿದು ಲಾಕಪ್ಪಿನ ಮೂಲೆಯಲ್ಲಿ ಉಕ್ಕುತ್ತಿತ್ತು. ಲಾಕಪ್ಪಿನಲ್ಲಿ ಉಕ್ಕಿದಷ್ಟು ದಿನ ಯಾರಿಗೂ ಅವಸರವಿರಲಿಲ್ಲ. ನಾಲ್ಕನೇ ದಿನ ಸಾಹೇಬನ ಕೋಣೆಯಲ್ಲಿ, ಅವನ ಕುರ್ಚಿಯ ಬುಡದಲ್ಲಿ, ಕಪ್ಪು ನೀರು ಬಂತು. ಆಗ ಸೀಟಿಗೆ ಕರೆ ಹೋಯಿತು.

ಸೀಟಿ ಪುರಸಭೆಯ ಚರಂಡಿ ಕೆಲಸದವನು. ಬೆಳಿಗ್ಗೆ ಕಸದ ಗಾಡಿ ತಳ್ಳಿಕೊಂಡು, ಬಾಯಲ್ಲೇ ಸೀಟಿ ಊದಿ ಬೀದಿ ಎಬ್ಬಿಸುತ್ತಿದ್ದ. ಅದಕ್ಕೇ ಆ ಹೆಸರು. ನನಗಿಂತ ಎರಡು ವರ್ಷ ದೊಡ್ಡವನು. ಕಳೆದ ಬೇಸಿಗೆಯಲ್ಲಿ ಅವನ ಭಾವ, ಅಂದರೆ ಅಕ್ಕನ ಗಂಡ, ಬಸ್ ನಿಲ್ದಾಣದ ಗುಂಡಿಗೆ ಇಳಿದವನು ಜೀವಂತ ಮೇಲೆ ಬರಲಿಲ್ಲ. ಒಳಗೆ ಗಾಳಿ ಕೆಟ್ಟಿತ್ತು. ಹಗ್ಗ ಹಾಕಿ ಹೆಣ ಎಳೆದವನು ಸೀಟಿಯೇ. ಅಂದಿನಿಂದ ಅವನು ಒಂದು ಮಾತಿಗೆ ಜೋತುಬಿದ್ದಿದ್ದ. ಕೈಗವಸು, ಮುಖಕ್ಕೆ ಮಾಸ್ಕು, ಸೊಂಟಕ್ಕೆ ಹಗ್ಗ, ಮೇಲೆ ಕಾಯಲು ಇಬ್ಬರು. ಇಷ್ಟಿಲ್ಲದೆ ಯಾರೂ ಇಳಿಯಬಾರದು. ತಾನು ಹೇಳಿದ್ದಲ್ಲದೆ ಪುರಸಭೆಯ ಉಳಿದ ಹದಿನೆಂಟು ಕೆಲಸದವರ ಬಾಯಲ್ಲೂ ಹೇಳಿಸಿದ್ದ.

ಅವತ್ತು ಸ್ಟೇಷನ್ನಿಗೆ ಅವನ ಜೊತೆ ಮೂವರು ಹೋಗಿದ್ದರು. ಅವರು ನನಗೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ಸಾಹೇಬ ಕೂಗಾಡುವವನಲ್ಲ. ಊರಿಗೆ ಬಂದು ಒಂಬತ್ತು ವರ್ಷ. ಒಂದು ದಿನವೂ ಅವನ ದನಿ ಏರಿದ್ದನ್ನು ಯಾರೂ ಕೇಳಿಲ್ಲ. ಎಲ್ಲರನ್ನೂ 'ನೀವು' ಎಂದೇ ಮಾತಾಡಿಸುತ್ತಾನೆ. ಒದೆಯುವಾಗಲೂ.

"ಇಳಿಯಲ್ಲ ಅಂದ್ರಂತೆ?"

"ಸಾಮಾನು ಕೊಡಿಸಿ ಸಾರ್, ಇಳೀತೀನಿ."

"ಏನು ಸಾಮಾನು?"

"ಕೈಗವಸು, ಮಾಸ್ಕು, ಹಗ್ಗ. ಮೇಲೆ ಇಬ್ರು ಜನ."

"ಅಂಗಡಿ ಚೀಟಿ ಓದಿದ ಹಾಗೆ ಓದ್ತಿದೀರಲ್ಲ. ಇಷ್ಟು ದಿನ ಬರಿಗೈಲಿ ಇಳೀತಿದ್ರಿ. ಈಗ ಚರ್ಮ ತೆಳ್ಳಗಾಯ್ತಾ?"

"ಭಾವ ಸತ್ತ ಮೇಲೆ ತೆಳ್ಳಗಾಯ್ತು ಸಾರ್."

ಸಾಹೇಬ ಗುಂಡಿಯ ಮುಚ್ಚಳ ತೋರಿಸಿದ. "ನಾನು ಹೇಳ್ತಿದೀನಿ. ಇಳೀರಿ."

ಸೀಟಿ ಗುಂಡಿ ನೋಡಿದ. ಸಾಹೇಬನನ್ನು ನೋಡಿದ. ಅವನ ಬಾಯಿ ಸುಮ್ಮನಿರುವ ಬಾಯಲ್ಲ.

"ಒಳಗಿರೋದು ನಿಮ್ಮದು ಸಾರ್, ನಮ್ಮದಲ್ಲ. ಯಾರ್ದು ಯಾವುದು ಅಂತ ಗುರುತು ಹಿಡಿಯೋಕಾದ್ರೂ ನೀವು ಬರಬೇಕು. ಬನ್ನಿ, ಜತೇಲೇ ಇಳಿಯೋಣ."

ಕಾನ್‌ಸ್ಟೇಬಲ್ ಒಬ್ಬ ತಡೆಯಲಾರದೆ ನಕ್ಕುಬಿಟ್ಟ. ಸಾಹೇಬನೂ ನಕ್ಕ. ಸೀಟಿಯ ಹೆಗಲ ಮೇಲೆ ಕೈ ಹಾಕಿ, "ಬನ್ನಿ ಒಳಗೆ. ಕೂತು ಮಾತಾಡೋಣ" ಎಂದ. ಇಬ್ಬರೂ ಒಳಗೆ ಹೋದರು. ಬಾಗಿಲು ಮುಚ್ಚಿತು. ನಕ್ಕ ಕಾನ್‌ಸ್ಟೇಬಲ್ಲೇ ಹೊರಗಿದ್ದ ಮೂವರನ್ನು ಓಡಿಸಿದ. ಆಗ ಬೆಳಿಗ್ಗೆ ಹತ್ತು ಗಂಟೆ.

ಮಧ್ಯಾಹ್ನ ಎರಡಕ್ಕೆ ನನ್ನ ಅಪ್ಪನಿಗೆ ಕರೆ ಬಂತು.

ಊರಲ್ಲಿ ಅಪ್ಪನಿಗೆ ಕತ್ರಿ ಎನ್ನುತ್ತಾರೆ. ಸರ್ಕಾರಿ ಆಸ್ಪತ್ರೆಯ ಶವಾಗಾರದಲ್ಲಿ ಇಪ್ಪತ್ತೆಂಟು ವರ್ಷದಿಂದ ಹೆಣ ಕೊಯ್ಯುತ್ತಾನೆ. ಕಾಗದದ ಪ್ರಕಾರ ಕೊಯ್ಯುವವರು ಡಾಕ್ಟರು. ಡಾಕ್ಟರು ಹೊಸ್ತಿಲಲ್ಲಿ ನಿಂತು ಕರವಸ್ತ್ರ ಮೂಗಿಗೊತ್ತಿ "ಹೂಂ, ಮುಂದೆ, ಮುಂದೆ" ಎನ್ನುತ್ತಾರೆ. ಬುರುಡೆಗೆ ಗರಗಸ ಹಾಕುವವನು ಅಪ್ಪ. ಕರುಳು ಎತ್ತುವವನು ಅಪ್ಪ. ತೊಳೆದು, ತುಂಬಿ, ದಬ್ಬಳದಲ್ಲಿ ಹೊಲಿದು, ಮನೆಯವರು ನೋಡುವ ಹಾಗೆ ಮುಖ ಮಾಡಿ ಕೊಡುವವನೂ ಅಪ್ಪ. ಇಪ್ಪತ್ತೆಂಟು ವರ್ಷವಾದರೂ ಅವನ ಕೆಲಸ ಖಾಯಂ ಆಗಿಲ್ಲ. ಹೋಟೆಲಿನವನು ಅವನ ಕೈಗೆ ಟೀ ಗ್ಲಾಸು ಕೊಡುವುದಿಲ್ಲ, ಹೊರಗಿನ ಕಟ್ಟೆಯ ಮೇಲಿಟ್ಟು ಒಳಗೆ ಹೋಗುತ್ತಾನೆ. ಬಸ್ಸಿನಲ್ಲಿ ಅವನ ಪಕ್ಕದ ಸೀಟು ಖಾಲಿ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಹುಡುಗ ಮೂಗು ಮುಚ್ಚಿಕೊಂಡ. ಮೇಷ್ಟ್ರು ನನ್ನನ್ನು ಹಿಂದೆ ಕೂರಿಸಿದರು. ಹಿಂದೆ ಕೂತವನು ಹೊರಗೆ ಬಂದೆ. ಹೊರಗೆ ಬಂದವನು ಅಪ್ಪನ ಎದುರು ನಿಂತು ಹೊಲಿಗೆ ಕಲಿತೆ. ಈಗ ಇಪ್ಪತ್ತಮೂರು. ಕತ್ರಿ ಮಗ.

ಪೊಲೀಸರಿಗೆ ಅಪ್ಪ ಬೇರೆ ಕೆಲಸಕ್ಕೂ ಬೇಕು. ಬಾವಿಯಲ್ಲಿ ಬಿದ್ದದ್ದು, ರೈಲು ಹಳಿಯ ಮೇಲಿನದು, ಬೀಗ ಹಾಕಿದ ಕೋಣೆಯಲ್ಲಿ ಕೊಳೆತದ್ದು. ಯಾವುದನ್ನೂ ಅವರು ಮುಟ್ಟುವುದಿಲ್ಲ. "ಎತ್ತೋದಿದೆ, ಬಾ" ಎಂದು ಹೇಳಿ ಕಳಿಸುತ್ತಾರೆ. ಏನನ್ನು ಎಂದು ಅವರು ಹೇಳುವುದಿಲ್ಲ. ನಾವೂ ಕೇಳುವುದಿಲ್ಲ.

ಆ ದಿನ ಅಪ್ಪ ಸಂಜೆ ಆರಕ್ಕೆ ಮನೆಗೆ ಬಂದ. ಹೆಗಲ ಮೇಲಿನ ಟವೆಲ್ಲಿನ ಕೆಂಪು ಅಂಚು ಹರಿದಿತ್ತು. ಅಮ್ಮ ನೋಡಿದಳು. "ಎಲ್ಲಿ ಜಗಳ ಮಾಡ್ಕೊಂಡ್ ಬಂದ್ರಿ? ಹೆಣಾನೂ ತಿರುಗಿ ಬೀಳೋಕೆ ಶುರು ಮಾಡಿದ್ವಾ?" ಎಂದಳು. ಅಪ್ಪ ನಗಲಿಲ್ಲ. ಉಣ್ಣಲಿಲ್ಲ. ಗೋಡೆ ಕಡೆ ತಿರುಗಿ ಮಲಗಿದ.

ಮರುದಿನ ಬೆಳಿಗ್ಗೆ ಊರಾಚೆಯ ಕಲ್ಲುಕ್ವಾರಿಯ ನೀರಿನಲ್ಲಿ ಹೆಣ ಕಂಡಿತು. ಕ್ವಾರಿ ನಿಂತು ಎಷ್ಟೋ ವರ್ಷವಾಗಿದೆ. ತಗ್ಗಿನಲ್ಲಿ ತಣ್ಣಗೆ, ಹಾಲಿನಂಥ ಬಿಳಿ ನೀರು. ಕಲ್ಲುಪುಡಿಯ ಬಣ್ಣ ಅದು. ನೀರೊಳಗಿನ ಬಂಡೆಯ ಮೆಟ್ಟಿಲಿಗೆ ಹೆಣ ಸಿಕ್ಕಿಕೊಂಡಿತ್ತು, ಮುಳುಗಿರಲಿಲ್ಲ. ಆಡು ಕಾಯುವವನೊಬ್ಬ ನೋಡಿ ಹೇಳಿದ.

"ನೀನು ಹೋಗು. ನನಗೆ ಹೊಟ್ಟೆ ನೋವು" ಎಂದ ಅಪ್ಪ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಹೊಟ್ಟೆ ನೋವು.

ನಾನು ಇಳಿದೆ. ಸೊಂಟದ ಮಟ್ಟ ನೀರು. ಮುಖ ಕೆಳಗಿತ್ತು. ತಿರುಗಿಸಿದೆ. ಸೀಟಿ.

 ಕೈಗೆ ಅಭ್ಯಾಸವಿದೆ. ಕಂಕುಳಿಗೆ ಕೈ ಹಾಕಿ ಎಳೆದೆ. ಕಾಲು ಮೇಲೆ ಬಂದವು. ಎರಡು ಹೆಬ್ಬೆರಳನ್ನೂ ಒಟ್ಟಿಗೆ ಸೇರಿಸಿ ಕಟ್ಟಿತ್ತು. ಕೆಂಪು ಅಂಚಿನ ಬಟ್ಟೆಯ ಚೂರು. ಎರಡು ಸುತ್ತು, ಅಡ್ಡ ಒಂದು, ಗಂಟು ಒಳಬದಿಗೆ.

ಆ ಗಂಟು ಊರಿನಲ್ಲಿ ಇಬ್ಬರಿಗೆ ಬರುತ್ತದೆ. ಒಬ್ಬ ನಾನು.

ಹೆಣ ಎತ್ತುವಾಗ ಮೊದಲ ಕೆಲಸ ಹೆಬ್ಬೆರಳು ಕಟ್ಟುವುದು. ಇಲ್ಲದಿದ್ದರೆ ಕಾಲು ಅಗಲಿ ಬಾಗಿಲ ಚೌಕಟ್ಟಿಗೆ ಬಡಿಯುತ್ತವೆ. ಇದು ಶವಾಗಾರದವರ ರೂಢಿ. ಕುಡಿದು ಜಾರಿ ಬಿದ್ದವನು ತನ್ನ ಹೆಬ್ಬೆರಳು ತಾನೇ ಕಟ್ಟಿಕೊಳ್ಳುವುದಿಲ್ಲ. ಅಪ್ಪ ಇವನನ್ನು ಎತ್ತಿದ್ದ. ನೀರಿಗೆ ಬೀಳುವ ಮೊದಲು ಎತ್ತಿದ್ದ. ಚಡ್ಡಿಯ ಮೇಲೆ ಉಟ್ಟಿದ್ದ ಪಂಚೆ ಬಿಚ್ಚಿ ಸೀಟಿಯ ಕಾಲಿಗೆ ಹೊದಿಸಿ ದಡಕ್ಕೆ ತಂದೆ.

ಶವಾಗಾರದ ಕಲ್ಲಿನ ಮೇಲೆ ಮಲಗಿಸುವ ಹೊತ್ತಿಗೆ ಸಾಹೇಬ ಬಂದಿದ್ದ. ಕೈಯಲ್ಲಿ ಒಂದು ರಟ್ಟಿನ ಡಬ್ಬಿ.

"ತಗೊಳ್ಳಿ. ಕೈಗವಸು. ನೂರಿದೆ. ನಿಮ್ಮ ಡಾಕ್ಟರಿಗೆ ಹೇಳಿ ಹೇಳಿ ಸಾಕಾಯ್ತು, ನಾನೇ ತರಿಸಿದೆ. ಬರಿಗೈಲಿ ಕೆಲಸ ಮಾಡಬಾರದು, ಕಾಯಿಲೆ ಬರುತ್ತೆ."

ಡಬ್ಬಿಯನ್ನು ಸೀಟಿಯ ತಲೆಯ ಪಕ್ಕ ಇಟ್ಟ.

ಡಾಕ್ಟರು ಹೊಸ್ತಿಲಿಂದಲೇ ಹೇಳಿದರು. "ಉದ್ದಕ್ಕೆ ಒಂದು ಗೀರು ಹಾಕಿ ಹೊಲಿ ಸಾಕು. ಕುಡಿದು ಬಿದ್ದಿದ್ದಾನೆ."

"ಬುರುಡೆ ಸಾರ್? ಎದೆ?"

"ಹೇಳಿದಷ್ಟು ಮಾಡು."

ಅವರು ವರಾಂಡದಲ್ಲಿ ಕೂತು ಬರೆಯತೊಡಗಿದರು. ಶ್ವಾಸಕೋಶದಲ್ಲಿ ನೀರು ಎಂದು ಬರೆದರಂತೆ. ಶ್ವಾಸಕೋಶ ತೆಗೆದೇ ಇರಲಿಲ್ಲ. ನಾನು ಚರ್ಮಕ್ಕೆ ಗೀರು ಹಾಕಿ ಹೊಲಿದೆ. ಅಂಗಾಲು ಎರಡೂ ಬದನೆಕಾಯಿಯಂತೆ ನೀಲಿಯಾಗಿ ಊದಿದ್ದವು. ಎಡ ಪಕ್ಕೆ ಒತ್ತಿದರೆ ಒಳಗೆ ಹೋಗುತ್ತಿತ್ತು. ನೋಡಿದೆ. 

ಸಾಹೇಬ ಒಳಗೇ ನಿಂತಿದ್ದ. ಬಾಗಿಲು ಮುಚ್ಚಿದ. ಕಾಲ ಹತ್ತಿರ ಬಂದು ಪಂಚೆ ಸರಿಸಿದ. ಬಗ್ಗಿ ನೋಡಿದ.

"ಇದು ಯಾರ ಗಂಟು?"

"ಗೊತ್ತಿಲ್ಲ ಸಾರ್."

"ನನಗೆ ಗೊತ್ತು. ಒಂಬತ್ತು ವರ್ಷದಿಂದ ನೋಡ್ತಿದೀನಿ. ಹಾಳು ಅಭ್ಯಾಸ ನೋಡಿ, ಎಲ್ಲಿ ಕಟ್ಟಬೇಕು ಎಲ್ಲಿ ಕಟ್ಟಬಾರದು ಅನ್ನೋದೂ ತಿಳಿಯಲ್ಲ ನಿಮ್ಮ ತಂದೆಗೆ." ಅವನ ದನಿ ನೋವಿನಿಂದ ಕೂಡಿದ ಹಾಗಿತ್ತು. "ಇದು ರಿಪೋರ್ಟಿಗೆ ಹೋದ್ರೆ ಏನಾಗುತ್ತೆ? ನೀರಿಗೆ ಹಾಕಿದವರು ಯಾರೋ ಅವರೇ ಕೊಂದವರು. ಕಾನೂನು ಅಷ್ಟೇ. ನನಗೆ ಅವರನ್ನ ಒಳಗೆ ಹಾಕೋಕೆ ಮನಸ್ಸಿಲ್ಲ. ವಯಸ್ಸಾಗಿದೆ. ಕತ್ತರಿಸಿ."

ನಾನು ಕತ್ತರಿಸಿದೆ.

ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ಬರೆಯುತ್ತೇನೆ. ಕತ್ತರಿ ತೆಗೆದುಕೊಂಡು ಕತ್ತರಿಸಿದೆ. ಅವನು ಕೈ ಚಾಚಿದ. ಬಟ್ಟೆಯ ಚೂರನ್ನು ಅವನ ಕೈಯಲ್ಲಿಟ್ಟೆ. ಅವನು ಅದನ್ನು ಮಡಿಸಿ ಜೇಬಿಗೆ ಹಾಕಿಕೊಂಡು, ಬಾಗಿಲು ತೆಗೆದು, ಡಾಕ್ಟರಿಗೆ ನಮಸ್ಕಾರ ಹೇಳಿ ಹೋದ.

ಆಮೇಲೆ ಹೆಬ್ಬೆರಳು ನೋಡಿದೆ.

ಬಟ್ಟೆ ಕಟ್ಟಿದ ಜಾಗದಲ್ಲಿ ಗೆರೆ ಎದ್ದಿತ್ತು. ಕೆಂಪು ಗೆರೆ. ಅದರ ಎರಡೂ ಬದಿಗೆ ನೀಲಿ.

ನಾನು ಓದಿದ್ದು ಏಳನೇ ಕ್ಲಾಸು. ಆದರೆ ಇದು ನನಗೆ ಗೊತ್ತು, ಸಾವಿರ ಹೆಬ್ಬೆರಳು ಕಟ್ಟಿ ಬಿಚ್ಚಿದ್ದೇನೆ. ಹೆಣಕ್ಕೆ ಎಷ್ಟು ಬಿಗಿಯಾಗಿ ಕಟ್ಟಿದರೂ ಗೆರೆ ಹಳದಿಯಾಗಿ, ಒಣಗಿದ ತೊಗಲಿನಂತೆ ಬೀಳುತ್ತದೆ. ಕೆಂಪಾಗಬೇಕಾದರೆ ರಕ್ತ ಹರಿಯುತ್ತಿರಬೇಕು.

ಅಪ್ಪ ಕಟ್ಟುವಾಗ ಸೀಟಿಗೆ ಜೀವ ಇತ್ತು.



ಮನೆಗೆ ಹೋದಾಗ ಅಪ್ಪ ಹಿತ್ತಿಲಿನಲ್ಲಿ ಕೂತಿದ್ದ. ಅಮ್ಮ ನೀರು ತರಲು ಹೋಗಿದ್ದಳು. ನಾನು ಟವೆಲ್ ತಂದು ಅವನ ಮುಂದೆ ಹಾಕಿದೆ. ಅವನು ಅದನ್ನು ಎತ್ತಿಕೊಳ್ಳಲಿಲ್ಲ.

"ಹೇಳು" ಎಂದೆ.

"ಹಿಂದಿನ ರೂಮಲ್ಲಿ ಇತ್ತು. ನೀಲಿ ತಾಡಪಾಲಲ್ಲಿ ಸುತ್ತಿದ್ರು. ಕಾಲು ಮಾತ್ರ ಹೊರಗೆ. 'ಫಿಟ್ಸ್ ಬಂದು ಹೋದ್ರು ಯಜಮಾನ್ರೇ, ಗಲಾಟೆ ಆಗೋದು ಬೇಡ, ಕ್ವಾರಿಗೆ ಬಿಟ್ಬನ್ನಿ' ಅಂದ್ರು. ಕಸದ ಟ್ರ್ಯಾಕ್ಟರ್ ತರಿಸಿದ್ರು. ಕಾನ್‌ಸ್ಟೇಬಲ್ ಓಡಿಸ್ದ. ಮಟಮಟ ಮಧ್ಯಾಹ್ನ, ಒಂದು ನರಪಿಳ್ಳೆ ಇರಲಿಲ್ಲ. ತಾಡಪಾಲು ವಾಪಸ್ ಬೇಕು ಅಂದಿದ್ರು. ಸುರುಳಿ ಬಿಚ್ಚಿ ಉರುಳಿಸಿದೆ. ಮುಖ ನೋಡಲಿಲ್ಲ."

"ಯಾರು ಅಂತ ಗೊತ್ತಿತ್ತಾ?"

"ಕಾಲು ನೋಡಿದ್ರೆ ಗೊತ್ತಾಗಲ್ವೇನೋ. ಚರಂಡಿ ಕಾಲು. ಗೊತ್ತಾಯ್ತು."

"ಗೊತ್ತಾಗಿಯೂ ಹಾಕ್ದೆಯಾ?"

ಅಪ್ಪ ತಲೆ ತಗ್ಗಿಸಿದ. "ಹೆಣ ಅಲ್ವೇನೋ ಅಂದ್ಕೊಂಡೆ. ಹೆಣಕ್ಕೆ ಬಾವಿ ಆದ್ರೇನು, ಕ್ವಾರಿ ಆದ್ರೇನು."

"ಮೂಗಿಗೆ ಕೈ ಹಿಡಿದು ನೋಡಿದ್ಯಾ?"

ಅವನು ಥಟ್ಟನೆ ತಲೆಯೆತ್ತಿದ. "ಯಾಕೆ?"

"ನೋಡಿದ್ಯಾ ಇಲ್ವಾ?"

"ನಮ್ಮನ್ನ ಕರೆದರೆ ಹೆಣ ಇದೆ ಅಂತಲೇ ಅಲ್ವಾ? ಇಪ್ಪತ್ತೆಂಟು ವರ್ಷ ಆಯ್ತು. ಜೀವ ಇರೋದನ್ನ ಎತ್ತೋಕೆ ಯಾರಾದ್ರೂ ನನ್ನ ಕರೆದಿದ್ದಾರಾ? ಒಂದು ಮಗು ಹುಟ್ಟಿದ ಮನೆಗೆ ಕರೆದಿದ್ದಾರಾ?" ಅವನ ದನಿ ಕುಗ್ಗಿತು. "ಕಾಲು ಸ್ವಲ್ಪ ಬೆಚ್ಚಗಿತ್ತು ಕಣೋ. ಬಿಸಿಲು ಅಂದ್ಕೊಂಡೆ." ನನ್ನ ಮೊಣಕೈ ಹಿಡಿದುಕೊಂಡ. "ಸತ್ತಿದ್ದ ಅಲ್ವಾ? ನೀನು ನೋಡಿದೀಯ. ಸತ್ತಿದ್ದ ತಾನೇ?"

ನಾನು ಅವನ ಕೈ ನೋಡಿದೆ. ಬೆರಳ ಸಂದಿಯಲ್ಲಿ ಹುಣ್ಣು. ಇಪ್ಪತ್ತೆಂಟು ವರ್ಷದ ಹುಣ್ಣು.

"ಸತ್ತಿದ್ದ ಅಪ್ಪ" ಎಂದೆ.

ಸೀಟಿಯ ಅಕ್ಕ ಹೆಣ ತೆಗೆದುಕೊಂಡು ಹೋಗಲಿಲ್ಲ.

ಅವಳೂ ಪುರಸಭೆಯ ಪೊರಕೆಯವಳು. ಗಂಡನ ಹೆಣ ಕೊಟ್ಟಾಗ ಏನೂ ಕೇಳದೆ ಹೆಬ್ಬೆಟ್ಟು ಒತ್ತಿ ಹೋಗಿದ್ದಳು. ಈ ಸಲ ಶವಾಗಾರದ ಗೇಟಿನ ಮುಂದೆ ಪೊರಕೆ ಅಡ್ಡ ಹಾಕಿ ಕೂತಳು. "ನನ್ನ ತಮ್ಮ ಬಾಯಿಗೆ ಬೀಡಿ ಇಟ್ಟವನಲ್ಲ. ಕುಡಿದಿದ್ದನಂತೆ! ಹತ್ತು ಗಂಟೆಗೆ ನಡ್ಕೊಂಡು ಸ್ಟೇಷನ್ ಒಳಗೆ ಹೋದ. ಎಷ್ಟು ಗಂಟೆಗೆ ನಡ್ಕೊಂಡು ಹೊರಗೆ ಬಂದ? ಅದನ್ನ ಹೇಳಿ, ಹೆಣ ತಗೊಂಡು ಹೋಗ್ತೀನಿ." ಹದಿನೆಂಟು ಜನ ಅವಳ ಪಕ್ಕ ಕೂತರು. ಅವರ ಹೆಂಡಿರು ಮಕ್ಕಳು ಕೂತರು. ಕಸದ ಗಾಡಿಗಳು ನಿಂತವು.

ನಾವು ಹೆಣಕ್ಕೆ ಮಂಜುಗಡ್ಡೆ ಇಟ್ಟೆವು. ಕರಗಿದಂತೆ ಮತ್ತೆ ಇಟ್ಟೆವು. ಗೇಟಿನ ಹೊರಗೆ ಜನ ಹೆಚ್ಚಿದಷ್ಟೂ ಊರು ಮೂಗು ಮುಚ್ಚಿಕೊಂಡಿತು. ಒಂದು ಸಾವಿನ ನಾತ ಊರಿಗೆ ಬಡಿದಿರಲಿಲ್ಲ. ಮೂರು ದಿನದ ಕಸದ್ದು ಬಡಿಯಿತು. ಅಂಗಡಿಯವರು ಫೋನು ಮಾಡಿದರು, ಶಾಲೆಯವರು ಫೋನು ಮಾಡಿದರು. ನಾಲ್ಕನೇ ದಿನ ಮೇಲಿನಿಂದ ದೊಡ್ಡ ಅಧಿಕಾರಿ ಬಂದರು.

ಆಸ್ಪತ್ರೆಯ ಮರದ ಕೆಳಗೆ ಕುರ್ಚಿ ಹಾಕಿದರು. ಶವಾಗಾರದಿಂದ ಇಪ್ಪತ್ತು ಹೆಜ್ಜೆ. ಅದಕ್ಕಿಂತ ಹತ್ತಿರ ಅವರಿಂದ ಆಗಲಿಲ್ಲ. ಪಕ್ಕದಲ್ಲಿ ಬರೆದುಕೊಳ್ಳಲು ಒಬ್ಬ ಗುಮಾಸ್ತ. ಸಾಹೇಬ ಸ್ಟೇಷನ್ನಿನ ಪುಸ್ತಕ ತಂದು ತೋರಿಸಿದ. "ಹನ್ನೊಂದಕ್ಕೆ ಬುದ್ಧಿ ಹೇಳಿ ಕಳಿಸಿದೀವಿ ಸಾರ್. ಸಹಿ ಇದೆ."

"ಅವನಿಗೆ ಸಹಿ ಹಾಕೋಕೆ ಬರಲ್ಲ ಸಾರ್!" ಎಂದಳು ಅಕ್ಕ. "ನಮ್ಮ ಮನೇಲಿ ಎಲ್ಲಾ ಹೆಬ್ಬೆಟ್ಟೇ!"

ಅಧಿಕಾರಿ ಗಡಿಯಾರ ನೋಡಿಕೊಂಡರು. "ನೋಡಮ್ಮ, ಡಾಕ್ಟರ್ ರಿಪೋರ್ಟ್ ಇದೆ. ನೀರಲ್ಲಿ ಮುಳುಗಿ ಸತ್ತಿದ್ದಾನೆ. ಬೇರೆ ಏನಾದ್ರೂ ನೋಡಿದವರು ಇದ್ದಾರಾ? ಇಲ್ಲ ತಾನೇ? ಇವತ್ತು ಹೆಣ ಮಣ್ಣು ಮಾಡಿ. ನಾಳೆಯಿಂದ ಕೆಲಸಕ್ಕೆ ಬನ್ನಿ."

"ಇದ್ದೀನಿ ಸಾರ್."

ಅಪ್ಪ. ಆಸ್ಪತ್ರೆಯ ಹಿಂಬದಿಯಿಂದ ನಡೆದು ಬಂದಿದ್ದ. ಜನ ಅಭ್ಯಾಸಬಲದಿಂದ ದಾರಿ ಬಿಟ್ಟರು, ಅವನು ತಾಗಬಾರದೆಂದು.

"ಅವನು ಬಿದ್ದಿಲ್ಲ ಸಾರ್. ನಾನು ಹಾಕಿದೆ."

 ಸಾಹೇಬನೇ ಮೊದಲು ಮಾತಾಡಿದ. "ನೋಡಿದ್ರಾ ಸಾರ್? ನನಗೆ ಅನುಮಾನ ಇತ್ತು." ಇಬ್ಬರು ಕಾನ್‌ಸ್ಟೇಬಲ್‌ಗಳು ಅಪ್ಪನ ರಟ್ಟೆ ಹಿಡಿದು ಜೀಪಿನ ಕಡೆ ಎಳೆದರು. ಅಪ್ಪ ಎಳೆಸಿಕೊಳ್ಳುತ್ತಲೇ ಕೂಗಿದ. ಅವನು ಕೂಗಿದ್ದನ್ನು ನಾನು ಹುಟ್ಟಿದ ಮೇಲೆ ಕೇಳಿರಲಿಲ್ಲ.

"ಸ್ಟೇಷನ್ ಹಿಂದಿನ ರೂಮಿಂದ ಎತ್ತಿ ಹಾಕಿದೆ! ಎರಡು ಗಂಟೆಗೆ! ಈ ಸಾಹೇಬ್ರೇ ಕರೆಸಿದ್ರು! ಕಸದ ಟ್ರ್ಯಾಕ್ಟರ್‌ನೋರನ್ನ ಕೇಳಿ! ಹೆಬ್ಬೆರಳು ಕಟ್ಟಿದ್ದು ನಾನೇ! ಹರಿದ ಟವೆಲ್ ಮನೇಲಿದೆ!"

ಜನ ಎದ್ದು ನಿಂತರು. ಅಧಿಕಾರಿ ಜನರನ್ನು ನೋಡಿದರು. ಅಷ್ಟೊಂದು ಜನ, ಕೈಯಲ್ಲಿ ಪೊರಕೆ, ಸಲಾಕೆ. ಅಧಿಕಾರಿಗೆ ನ್ಯಾಯ ಬೇಕಿತ್ತೋ ಇಲ್ಲವೋ, ಅಲ್ಲಿಂದ ಕ್ಷೇಮವಾಗಿ ಹೋಗುವುದಂತೂ ಬೇಕಿತ್ತು. "ಇನ್ನೊಂದು ಸಲ ಕೊಯ್ಯಲಿ. ನನ್ನೆದುರೇ" ಎಂದರು. ಮೂಗು ಮುಚ್ಚಿಕೊಂಡು ಮತ್ತೆ ಹೇಳಿದರು. "ಬಾಗಿಲು ತೆಗೆದಿಡಿ. ಏನು ಕಾಣುತ್ತೋ ಜೋರಾಗಿ ಹೇಳಿ. ಇಲ್ಲಿ ಬರ್ಕೋತಾರೆ."

ಡಾಕ್ಟರ ಮುಖ ಸುಣ್ಣ ಬಳಿದ ಗೋಡೆಯಾಯಿತು. ನಾನು ಒಳಗೆ ಹೋಗುವಾಗ ಸಾಹೇಬ ನನ್ನ ಪಕ್ಕ ಬಂದ. ತುಟಿ ಹೆಚ್ಚು ಅಲ್ಲಾಡಲಿಲ್ಲ.

"ಒಳಗೆ ನೀರಿದ್ರೆ ನಿಮ್ಮ ತಂದೆ ಮುಳುಗಿಸಿ ಕೊಂದ ಅಂತ ಅರ್ಥ. ನೇಣು. ತಿಳೀತಾ? ಅವರು ಎತ್ತಿದಾಗ ಸತ್ತಿದ್ನೋ ಇಲ್ವೋ, ನನಗೇನು ಗೊತ್ತು? ಹೆಣ ಪರೀಕ್ಷೆ ಮಾಡೋದು ನಿಮ್ಮ ಮನೆತನದ ಕೆಲಸ. ನೋಡಿ, ಯೋಚನೆ ಮಾಡಿ ಹೇಳಿ."

ಕೈಗವಸಿನ ಡಬ್ಬಿ ಅಲ್ಲೇ ಇತ್ತು. ಅದನ್ನು ಒದ್ದೆ. ಮೂಲೆಗೆ ಹೋಗಿ ಬಿತ್ತು.

ಮಂಜುಗಡ್ಡೆ ಸರಿಸಿದೆ. ನನ್ನ ಹೊಲಿಗೆ ನಾನೇ ಬಿಚ್ಚಿದೆ. ಡಾಕ್ಟರು ಈ ಸಲ ಒಳಗೆ ಬಂದಿದ್ದರು, ಮುಖ ಮಾತ್ರ ಕಿಟಕಿಯ ಕಡೆ. ಅಂಗಾಲು ತೋರಿಸಿದೆ. ಅವರು ಏನೋ ಗೊಣಗಿದರು. ಇಂಗ್ಲಿಷು. ದನಿ ಹೊಸ್ತಿಲು ದಾಟಲಿಲ್ಲ.

"ಕೇಳಿಸ್ತಿಲ್ಲ!" ಎಂದು ಮರದ ಕೆಳಗಿನಿಂದ ಗುಮಾಸ್ತ ಕೂಗಿದ.

ಆಗ ನಾನು ಕೂಗಿದೆ.

"ಅಂಗಾಲು ಎರಡೂ ಒಡೆದಿವೆ! ಲಾಠಿ ಏಟು!"

 ಹೊರಗೆ ಸೀಟಿಯ ಅಕ್ಕನ ದನಿ. ಗುಮಾಸ್ತನಿಗೆ ಅರ್ಥವಾಗಲೆಂದೋ, ತನಗೇ ಅರ್ಥವಾಗಲೆಂದೋ, ನಾನು ಹೇಳಿದ್ದನ್ನೇ ತಿರುಗಿ ಹೇಳಿದಳು. "ಅಂಗಾಲು ಎರಡೂ ಒಡೆದಿವೆ. ಲಾಠಿ ಏಟು."

ಎದೆ ತೆರೆದೆ. "ಎಡಗಡೆ ಪಕ್ಕೆಲುಬು ನಾಲ್ಕು ಮುರಿದಿವೆ!"

"ನಾಲ್ಕು ಮುರಿದಿವೆ." ಈ ಸಲ ಹತ್ತಾರು ದನಿ.

"ಬೆನ್ನು ಪೂರಾ ಕಪ್ಪು! ಬೂಟಿನ ಹಿಮ್ಮಡಿ ಗುರುತು!"

"ಬೂಟಿನ ಹಿಮ್ಮಡಿ ಗುರುತು."

ಹೊರಗಿನ ದನಿ ಗೋಡೆಗೆ ಬಡಿಯುತ್ತಿತ್ತು. ನನ್ನ ಕೈ ಶ್ವಾಸಕೋಶಕ್ಕೆ ಬಂತು. ಎತ್ತುವಾಗಲೇ ತಿಳಿಯಿತು. ಒಣ ಶ್ವಾಸಕೋಶ ಹಗುರ. ಇದು ನೀರು ಕುಡಿದ ಹಾಸಿಗೆಯ ಹಾಗೆ ಭಾರ. ಗಂಟಲ ನಾಳ ಸೀಳಿದೆ. ಬಿಳಿ ಕೆಸರು. ಕ್ವಾರಿಯ ಕಲ್ಲುಪುಡಿ, ಕೆಳಗಿನ ಸಣ್ಣ ಕವಲುಗಳವರೆಗೆ. ಅವನು ಉಸಿರಿನ ಜೊತೆ ಅದನ್ನು ಎಳೆದುಕೊಂಡಿದ್ದ.

ನಾನು ಕೂಗಲಿಲ್ಲ.

ಡಾಕ್ಟರು ನೋಡುತ್ತಿರಲಿಲ್ಲ. ಹೊರಗಿನವರಿಗೆ ಕಾಣುತ್ತಿರಲಿಲ್ಲ. ನಾನು 'ಒಣಗಿದೆ' ಅಂದರೆ ಒಣಗಿದೆ. ಒಂದು ಮಾತು. ಸೀಟಿ ಸ್ಟೇಷನ್ನಿನಲ್ಲೇ ಸತ್ತ ಎಂದಾಗುತ್ತದೆ. ಸಾಹೇಬನ ಕುತ್ತಿಗೆ ಸಿಗುತ್ತದೆ. ಅಪ್ಪ ಹೆಣ ಎತ್ತಿದವನು ಮಾತ್ರ. ಆ ಊರಿನಲ್ಲಿ ಮೊದಲ ಸಲ ನನ್ನ ಬಾಯಲ್ಲಿ ಬಂದದ್ದೇ ಸತ್ಯವಾಗುವುದಿತ್ತು.

ಬಾಗಿಲಿನಿಂದ ನೋಡಿದೆ. ಜೀಪಿನಲ್ಲಿ ಇಬ್ಬರ ನಡುವೆ ಅಪ್ಪ. ನಾನು ತಡಮಾಡಿದ್ದು ಅವನಿಗೆ ಸಾಕಾಯಿತು. ಅವನು ನನಗೆ ಕೆಲಸ ಕಲಿಸಿದವನು. ಯಾವ ಅಂಗಕ್ಕೆ ಎಷ್ಟು ಹೊತ್ತು ಬೇಕೆಂದು ಗೊತ್ತು.

"ನೀರಿದೆಯೇನೋ?" ಎಂದು ಕೂಗಿದ.

ಕೈಯಲ್ಲಿದ್ದ ಶ್ವಾಸಕೋಶವನ್ನು ಕಲ್ಲಿನ ಮೇಲಿಟ್ಟೆ.

"ನೀನು ಅವತ್ತೇ ನೋಡಿದ್ದೆ. ನನಗೆ ಸುಳ್ಳು ಹೇಳ್ದೆ. ಅಲ್ವಾ?"

ಕಾನ್‌ಸ್ಟೇಬಲ್ ಅವನ ಬಾಯಿಗೆ ಕೈ ಹಾಕಲು ಹೋದ. ಅಪ್ಪ ಆ ಕೈ ತಳ್ಳಿದ. "ನನ್ನ ಮುಖ ನೋಡಬೇಡ ಮಗಾ. ಅವನ ಮುಖ ನೋಡಿ ಹೇಳು. ನಾನೂ ನೋಡಬೇಕಿತ್ತು. ನೋಡಲಿಲ್ಲ."

ನಾನು ಸೀಟಿಯ ಮುಖ ನೋಡಿದೆ.

ಸಾಹೇಬ ನಗುತ್ತಿದ್ದ. ನೀರು ಎಂದರೆ ಅವನು ಉಳಿದ ಹಾಗೆ ಎಂದುಕೊಂಡಿದ್ದ. ಆಗ ನನಗೆ ಅದು ಕಂಡಿತು, ಅವನಿಗೆ ಕಾಣದ್ದು. ಸ್ಟೇಷನ್ನಿನಿಂದ ಈ ಆಸ್ಪತ್ರೆಗೆ ಇನ್ನೂರು ಹೆಜ್ಜೆ. ಎರಡು ಗಂಟೆಗೆ ಡಾಕ್ಟರನ್ನು ಕರೆಯಬೇಕಾದವನು ಕತ್ರಿಯನ್ನು ಕರೆದ.

"ಶ್ವಾಸಕೋಶದಲ್ಲಿ ನೀರಿದೆ!" ಎಂದು ಕೂಗಿದೆ.  "ಕ್ವಾರಿ ಕೆಸರಿದೆ! ಹೆಬ್ಬೆರಳ ಗೆರೆ ಕೆಂಪಗಿದೆ! ನಮ್ಮಪ್ಪ ಕಟ್ಟುವಾಗ ಇವನಿಗೆ ಜೀವ ಇತ್ತು! ಎರಡು ಗಂಟೆಗೆ ಜೀವ ಇತ್ತು! ಸ್ಟೇಷನ್ ರೂಮಲ್ಲಿ ಉಸಿರಾಡ್ತಾ ಮಲಗಿದ್ದ! ಉಸಿರಾಡೋವ್ನನ್ನ ಸಾಹೇಬ ಹೆಣ ಅಂತ ಕೊಟ್ಟ!"

ಯಾರೂ ತಿರುಗಿ ಹೇಳಲಿಲ್ಲ.

ಜೀಪಿನಲ್ಲಿ ಅಪ್ಪ ಎರಡೂ ಕೈಗಳನ್ನು ಎತ್ತಿ, ಅವು ಬೇರೆ ಯಾರವೋ ಎಂಬಂತೆ ನೋಡಿದ. ಆಮೇಲೆ ಅವನ ಬಾಯಿಂದ ಒಂದು ಸದ್ದು ಬಂತು. ಅದನ್ನು ಬರೆಯಲು ನನಗೆ ಬರುವುದಿಲ್ಲ.

ಸೀಟಿಯ ಅಕ್ಕ ಪೊರಕೆ ಕೆಳಗೆ ಹಾಕಿದಳು. ನಡೆದಳು. ಜೀಪಿನ ಹತ್ತಿರ ನಿಂತು ಅಪ್ಪನನ್ನು ನೋಡಿದಳು. ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆಯಲಿ ಎಂದೂ ಅಂದುಕೊಂಡೆ.

"ನಿನ್ನ ಹತ್ರ ಆಮೇಲೆ ಬರ್ತೀನಿ ಕತ್ರಿ" ಎಂದಳು.

ಮರದ ಕಡೆ ತಿರುಗಿದಳು. ಸಾಹೇಬ ಅವಳ ದಾರಿಗೆ ಅಡ್ಡ ಬಂದ. "ತಾಯಿ, ಸಮಾಧಾನ ಮಾಡ್ಕೊಳ್ಳಿ, ಕೂತು ಮಾತಾಡೋಣ..." ಅವಳು ನಿಲ್ಲಲಿಲ್ಲ. ಅವಳ ಹಿಂದೆ ಹದಿನೆಂಟು ಜನ ಎದ್ದು ಬಂದರು. ಸಾಹೇಬ ಹಿಂದೆ ಸರಿಯಬೇಕಾಯಿತು. ಒಂದು ಹೆಜ್ಜೆ. ಇನ್ನೊಂದು. ಅವನ ಬೆನ್ನು ಶವಾಗಾರದ ಗೋಡೆಗೆ ತಾಗಿತು.

ಗುಮಾಸ್ತನ ಪೆನ್ನು ನಿಂತಿತ್ತು. ಅವನು ಸಾಹೇಬನ ಮುಖ ನೋಡುತ್ತಿದ್ದ, ಆಮೇಲೆ ಅಧಿಕಾರಿಯ ಮುಖ, ಮತ್ತೆ ಸಾಹೇಬನ ಮುಖ.

ಅಕ್ಕನಿಗೆ ಓದು ಬರುವುದಿಲ್ಲ. ಆದರೂ ಕಾಗದದ ಮೇಲೆ, ಅಕ್ಷರ ನಿಂತುಹೋದ ಜಾಗದಲ್ಲಿ ಬೆರಳಿಟ್ಟಳು.

"ಅಲ್ಲೇನು ನೋಡ್ತೀಯ?" ಎಂದಳು. "ಇಲ್ಲಿ ನೋಡು. ಎರಡು ಗಂಟೆಗೆ ಜೀವ ಇತ್ತು. ಬರಿ."